ಕಿವುಡನ ಮುಂದೆ ಕಿನ್ನರಿ

‘ಕಿವುಡನ ಮುಂದೆ ಕಿನ್ನರಿ ಬಾರಿಸಿದ ಹಾಗೆ’ ಎಂದು ನಮ್ಮ ಹಿರಿಯರು ಒಂದು ಗಾದೆ ಮಾಡಿಟ್ಟು ಹೋಗಿದ್ದಾರೆ. ಆ ಗಾದೆಯನ್ನು ಮೊದಲು ಆಡಿದ ಪುಣ್ಯಾತ್ಮನಿಗೆ ಕಿವಿ ಚುರುಕಾಗಿಯೇ ಇದ್ದಿರಬೇಕು. ಕಿನ್ನರಿ ಬಾರಿಸಿದವನ ಶ್ರಮ ವ್ಯರ್ಥವಾಯಿತಲ್ಲಾ ಎಂದು ಅವನು ಮರುಗಿದನೇ ಹೊರತು, ಎದುರಿಗೆ ಕುಳಿತ ಕಿವುಡನನ್ನು ಕರೆದು, ‘ಅಯ್ಯಾ, ನಿನಗೆ ಹೇಗೆನಿಸಿತು?’ ಎಂದು ವಿಚಾರಿಸಿದಂತೆ ತೋರುವುದಿಲ್ಲ. ವಿಚಾರಿಸಿದ್ದರೂ ಅವನಿಗೆ ಕೇಳಿಸುತ್ತಿರಲಿಲ್ಲವೆನ್ನಿ! ಆ ಕಿವುಡನ ಪಕ್ಷ ವಹಿಸಿ ನಾಲ್ಕು ಮಾತು ಹೇಳುವ ಯೋಗ್ಯತೆ ಈಚೆಗೆ ನನಗೆ ಪ್ರಾಪ್ತವಾಗಿರುವುದರಿಂದ ಈ ಬರಹ.

ನನಗೀಗ 73 ವರ್ಷ. ಐದಾರು ವರ್ಷಗಳಿಂದ ಕಿವಿ ಮಂದವಾಗುತ್ತ ಬಂದಿದೆ. ಕಿವಿ ಮಂದವಾಗುವುದೆಂದರೆ ರೇಡಿಯೋದ ಗುಂಡಿಯನ್ನು ಯಾರೋ ಮೆಲ್ಲಗೆ ತಿರುವಿ ಸದ್ದನ್ನು ತಗ್ಗಿಸಿದಂತೆ ಎಂದು ನಾನು ಭಾವಿಸಿದ್ದೆ. ಅದು ಹಾಗಲ್ಲ. ಮುಪ್ಪು ಮೊದಲು ಕದಿಯುವುದು ತಾರಸ್ಥಾಯಿಯ ಸದ್ದುಗಳನ್ನು. ಅ, ಆ, ಉ, ಓ ಮೊದಲಾದ ಸ್ವರಗಳು ತಗ್ಗಿನ ಸ್ಥಾಯಿಯವು, ಮೈತುಂಬಿದವು; ಅವು ಉಳಿದುಕೊಳ್ಳುತ್ತವೆ. ಸ, ಶ, ಚ, ತ ಮೊದಲಾದ ವ್ಯಂಜನಗಳ ಸದ್ದು ತೆಳುವಾದದ್ದು, ಮೇಲಿನ ಸ್ಥಾಯಿಯದು. ಅವು ಸದ್ದಿಲ್ಲದೆ ಜಾರಿಹೋಗುತ್ತವೆ. ಆದ್ದರಿಂದ ಎದುರಿಗಿರುವವರು ಮಾತಾಡುತ್ತಿದ್ದಾರೆಂಬುದು ಸ್ಪಷ್ಟವಾಗಿ ಕೇಳಿಸುತ್ತದೆ; ಏನು ಮಾತಾಡುತ್ತಿದ್ದಾರೆಂಬುದು ಮಾತ್ರ ತಿಳಿಯದು. ನನ್ನ ಪತ್ನಿ ಬೆಳಗ್ಗೆ ಅಡುಗೆಮನೆಯಿಂದ ‘ಸೊಪ್ಪು ತನ್ನಿ’ ಎನ್ನುತ್ತಾಳೆ. ‘ಸ’ಕಾರವು ದಾರಿಯಲ್ಲಿಯೇ ಬಿದ್ದುಹೋಗಿ ನನ್ನ ಬಳಿಗೆ ಬರುವುದು ‘ಉಪ್ಪು ತನ್ನಿ’ ಎಂಬ ಆಜ್ಞೆ. ಒಂದು ತಿಂಗಳಿನಲ್ಲಿ ನಮ್ಮ ಮನೆಯಲ್ಲಿ ಸೇರಿದ ಉಪ್ಪಿನ ಪೊಟ್ಟಣಗಳನ್ನು ನೋಡಿದವರು ನಾವು ಉಪ್ಪಿನಕಾಯಿಯ ವ್ಯಾಪಾರಕ್ಕೆ ಇಳಿದಿದ್ದೇವೆಂದೇ ತಿಳಿಯಬೇಕಿತ್ತು.

ಈ ಕಥೆಯೊಳಗೆ ಒಂದು ಹಾಡು ಬರುವುದು ಹೇಗೆಂಬುದನ್ನು ಹೇಳಲು ನಾನು ಐವತ್ತು ವರ್ಷಗಳಿಗಿಂತ ಹಿಂದಕ್ಕೆ ಹೋಗಬೇಕು.

1971ರಲ್ಲಿ ನಾನು ಬೆಂಗಳೂರಿನಲ್ಲಿ ವಿದ್ಯಾರ್ಥಿ. ಬಸವನಗುಡಿಯಲ್ಲಿ ನನ್ನ ಗೆಳೆಯನ ಮನೆ. ಅವನ ಅಣ್ಣ ಅಮೆರಿಕದಲ್ಲಿ ಓದಿ ಬಂದವರು. ಬರುವಾಗ ತಮ್ಮನಿಗೆಂದು ಒಂದು ಗ್ರಾಮಾಫೋನ್ ತಟ್ಟೆಯನ್ನು ತಂದಿದ್ದರು. ಬಾಬ್ ಡಿಲನ್ ಎಂಬಾತ 1965ರ ಮಾರ್ಚಿಯಲ್ಲಿ ಹೊರತಂದ ತಟ್ಟೆ ಅದು. ಅದರ ಮೊದಲನೆಯ ಹಾಡೇ ‘ಸಬ್‌ಟೆರೇನಿಯನ್ ಹೋಮ್‌ಸಿಕ್ ಬ್ಲೂಸ್’. ಎರಡು ನಿಮಿಷ, ಮೇಲೆ ಇಪ್ಪತ್ತು ಚಿಲ್ಲರೆ ಸೆಕೆಂಡು. ಅಷ್ಟೇ ಅದರ ಆಯುಸ್ಸು. ಆ ಎರಡು ನಿಮಿಷಗಳಲ್ಲಿ ಆತ ಉದುರಿಸುವ ಮಾತುಗಳನ್ನು ನಮ್ಮ ಪ್ರಾಧ್ಯಾಪಕರಾಗಿದ್ದರೆ ಒಂದು ಗಂಟೆಯ ಪಾಠಕ್ಕೆ ಹಂಚುತ್ತಿದ್ದರು. ಅದನ್ನು ಮೊದಲ ಸಲ ಹಾಕಿದಾಗ ಗೆಳೆಯನ ತಾಯಿ ಹೊರಗೆ ಬಂದು, ಕೈಯಲ್ಲಿ ಸೌಟು ಹಿಡಿದುಕೊಂಡೇ, “ಏನ್ರೋ, ಇದು ಹಾಡೋ ಹರಾಜೋ?” ಎಂದು ಕೇಳಿದರು.

ಆ ತಾಯಿಯ ವಿಮರ್ಶೆಯಲ್ಲಿ ಸತ್ಯವಿಲ್ಲದೆ ಇರಲಿಲ್ಲ. ಬ್ಲೂಸ್ ಎಂಬ ಸಂಗೀತ ಅಮೆರಿಕದ ದಕ್ಷಿಣ ಭಾಗದ, ಆಫ್ರಿಕನ್ ಮೂಲದ ಜನರ ದುಡಿಮೆಯಿಂದಲೂ ದುಃಖದಿಂದಲೂ ಹುಟ್ಟಿದ್ದು. ಅದರ ರೂಢಿಯ ಕಟ್ಟು ಬಹು ಸರಳ: ಒಂದು ಮಾತನ್ನು ಹಾಡುವುದು, ಅದನ್ನೇ ಮತ್ತೊಮ್ಮೆ ಹಾಡುವುದು, ಮೂರನೆಯ ಸಲ ಅದಕ್ಕೆ ಉತ್ತರ ಕೊಡುವುದು, ಕೆಳಗೆ ಮೂರೇ ಸ್ವರಮೇಳಗಳ ನಡಿಗೆ. ದಕ್ಷಿಣದ ಹೊಲಗಳನ್ನು ಬಿಟ್ಟು ಷಿಕಾಗೋವಿನಂಥ ಉತ್ತರದ ನಗರಗಳಿಗೆ ವಲಸೆ ಹೋದವರು ಅದಕ್ಕೆ ವಿದ್ಯುತ್ತಿನ ಗಿಟಾರನ್ನು ಜೋಡಿಸಿದರು. 1943ರಲ್ಲಿ ಮಿಸಿಸಿಪಿಯಿಂದ ಷಿಕಾಗೋವಿಗೆ ಹೋದ ಮಡ್ಡಿ ವಾಟರ್ಸ್ ಅಂಥವರಲ್ಲಿ ಅಗ್ರಗಣ್ಯ. ಆ ಬಳ್ಳಿಯ ಮುಂದಿನ ಕುಡಿಯೇ ರಾಕ್ ಸಂಗೀತ. ಡಿಲನ್ ಮಾಡಿದ್ದೇನೆಂದರೆ, ಬ್ಲೂಸಿನ ಮೂರು ಸ್ವರಮೇಳಗಳ ನೆಲಗಟ್ಟನ್ನು ಹಾಗೆಯೇ ಇಟ್ಟುಕೊಂಡು, ಅದರ ಮೇಲಿನ ಬಿಡುವನ್ನೆಲ್ಲ ತೆಗೆದುಹಾಕಿದ. ಒಂದು ಮಾತನ್ನು ಎರಡು ಸಲ ಹೇಳುವ ಉದಾರತೆ ಅಲ್ಲಿಲ್ಲ. ವುಡಿ ಗತ್ರಿಯಂಥ ಹಿಂದಿನ ಜಾನಪದ ಗಾಯಕರಿಂದ ಮಾತಾಡಿದಂತೆ ಹಾಡುವ ರೀತಿಯನ್ನೂ, ಚಕ್ ಬೆರ್ರಿ 1956ರಲ್ಲಿ ಹಾಡಿದ ಒಂದು ಹಾಡಿನಿಂದ ಮಾತಿನ ಓಟವನ್ನೂ ಅವನು ಕಲಿತಿದ್ದ. ಶಾಲೆ, ಸೈನ್ಯ, ನೌಕರಿ, ಪೊಲೀಸು—ಹೀಗೆ ಹದಿಹರೆಯದವನ ಮೇಲೆ ನಾಲ್ಕು ದಿಕ್ಕಿನಿಂದಲೂ ಬೀಳುವ ಎಚ್ಚರಿಕೆಯ ಮಾತುಗಳೇ ಆ ಹಾಡಿನ ಸಾಮಗ್ರಿ. ಉಪದೇಶ ಮಾಡುವವರೆಲ್ಲ ಒಂದೇ ಕಾಲಕ್ಕೆ ಬಾಯಿ ತೆರೆದರೆ ಹೇಗೋ ಹಾಗೆ.

ಇಪ್ಪತ್ತರ ಆಸುಪಾಸಿನ ನಮಗೆ ಅದು ಅರ್ಥವಾಗದೆಯೂ ಅರ್ಥವಾಗಿತ್ತು. ಆದರೂ ಬಿಡುವುದುಂಟೇ? ಪ್ರತಿಯೊಂದು ಶಬ್ದವನ್ನೂ ಬರೆದುಕೊಂಡೇ ತೀರಬೇಕೆಂದು ಹಟ ಹಿಡಿದೆವು. ಇನ್ನೂರು ಪುಟದ ಒಂದು ನೋಟುಪುಸ್ತಕ ತಂದೆವು. ಮುಳ್ಳನ್ನು ಇಡುವುದು, ಒಂದು ಸಾಲು ಕೇಳುವುದು, ಎತ್ತುವುದು, ಬರೆಯುವುದು. ಈ ಉದ್ಯಮದಲ್ಲಿ ಪಾಲುದಾರಿಕೆ ಸ್ಪಷ್ಟವಾಗಿತ್ತು. ಇಂಗ್ಲಿಷು ಅವನದು, ಕಿವಿ ನನ್ನದು. ನಾನು ಕೇಳಿದ ಸದ್ದನ್ನು ಇದ್ದ ಹಾಗೆಯೇ ಉಚ್ಚರಿಸಬೇಕು. ಅದು ಯಾವ ಶಬ್ದವಿದ್ದೀತೆಂದು ಅವನು ತೀರ್ಮಾನಿಸಬೇಕು. “ನಿನ್ನದು ಕಿವಿಯಲ್ಲವೋ, ಬಲೆ. ಒಂದು ಮೀನೂ ತಪ್ಪಿಸಿಕೊಳ್ಳುವುದಿಲ್ಲ” ಎಂದು ಅವನು ಹೇಳುತ್ತಿದ್ದ. ಜೀವನದಲ್ಲಿ ನನಗೆ ದೊರೆತ ಹೊಗಳಿಕೆಗಳು ಕೆಲವೇ. ಅವುಗಳಲ್ಲಿ ನಾನು ಬಚ್ಚಿಟ್ಟುಕೊಂಡದ್ದು ಇದೊಂದೇ. ಮೂರು ತಿಂಗಳಲ್ಲಿ ತಟ್ಟೆ ಗೀರುಬಿದ್ದು ಹಾಳಾಯಿತು. ಹಾಡು ಮಾತ್ರ ನೋಟುಪುಸ್ತಕದಲ್ಲಿ ಪೂರ್ತಿಯಾಯಿತು.

ಹತ್ತು ಹನ್ನೆರಡು ವರ್ಷಗಳ ಮೇಲೆ, ಇಬ್ಬರೂ ಸಂಸಾರಸ್ಥರಾಗಿದ್ದಾಗ, ಒಂದು ಫಿಲ್ಮ್ ಸೊಸೈಟಿಯ ಪ್ರದರ್ಶನದಲ್ಲಿ ‘ಡೋಂಟ್ ಲುಕ್ ಬ್ಯಾಕ್’ ಎಂಬ ಚಿತ್ರವನ್ನು ನೋಡುವ ಅವಕಾಶ ನಮಗೆ ಒದಗಿತು. 1965ರಲ್ಲಿ ಡಿಲನ್ ಇಂಗ್ಲೆಂಡಿನಲ್ಲಿ ಮಾಡಿದ ಸಂಗೀತ ಪ್ರವಾಸವನ್ನು ಡಿ. ಎ. ಪೆನ್ನೆಬೇಕರ್ ಎಂಬ ಅಮೆರಿಕದ ನಿರ್ದೇಶಕ, ಹೆಗಲ ಮೇಲೆ ಹೊತ್ತು ತಿರುಗಬಹುದಾದ ಕ್ಯಾಮೆರಾದಿಂದ ಚಿತ್ರಿಸಿ, 1967ರಲ್ಲಿ ತೆರೆಗೆ ತಂದ ಸಾಕ್ಷ್ಯಚಿತ್ರ ಅದು. ಅದು ಆರಂಭವಾಗುವುದೇ ನಮ್ಮ ಹಾಡಿನಿಂದ.

ಆ ಎರಡು ನಿಮಿಷಗಳ ದೃಶ್ಯವನ್ನು ವರ್ಣಿಸುವುದು ಸುಲಭ. ಅಷ್ಟರಿಂದಲೇ ಅದು ಏಕೆ ಮನಸ್ಸಿನಿಂದ ಹೋಗುವುದಿಲ್ಲವೆಂದು ಹೇಳುವುದು ಕಷ್ಟ. ಕಪ್ಪು ಬಿಳುಪಿನ ಚಿತ್ರ. ಲಂಡನ್ನಿನ ಸವಾಯ್ ಹೋಟೆಲಿನ ಹಿಂಬದಿಯ ಒಂದು ಓಣಿ. ಕಟ್ಟಡಕ್ಕೆ ಸಾರುವೆ ಕಟ್ಟಿದೆ. ತೆರೆಯ ಬಲಗಡೆ ಡಿಲನ್ ನಿಂತಿದ್ದಾನೆ. 24 ತುಂಬಲು ಇನ್ನೂ ಕೆಲವು ದಿನಗಳಿದ್ದ ತರುಣ. ಕೈಯಲ್ಲಿ ಒಂದು ಕಂತೆ ರಟ್ಟುಗಳು. ಒಂದೊಂದರ ಮೇಲೂ ಹಾಡಿನ ಒಂದೆರಡು ಮಾತುಗಳನ್ನು ದಪ್ಪಕ್ಷರದಲ್ಲಿ ಬರೆದಿದೆ. ಹಾಡು ಓಡುತ್ತದೆ, ಅವನು ಒಂದು ರಟ್ಟನ್ನು ತೋರಿಸಿ ನೆಲಕ್ಕೆ ಬಿಸಾಡುತ್ತಾನೆ, ಮುಂದಿನದನ್ನು ತೋರಿಸಿ ಬಿಸಾಡುತ್ತಾನೆ. ಮುಖದಲ್ಲಿ ನಗೆಯಿಲ್ಲ, ಮುನಿಸಿಲ್ಲ. ಹಿಂದೆ ಎಡಗಡೆ ಇಬ್ಬರು ನಿಂತು ತಮ್ಮ ಪಾಡಿಗೆ ತಾವು ಮಾತಾಡಿಕೊಳ್ಳುತ್ತಿದ್ದಾರೆ. ಗಡ್ಡ ಬಿಟ್ಟು, ಕೈಯಲ್ಲೊಂದು ಕೋಲು ಹಿಡಿದವನು ಕವಿ ಆಲೆನ್ ಗಿನ್ಸ್‌ಬರ್ಗ್; ಇನ್ನೊಬ್ಬ ಡಿಲನ್ನನ ಗೆಳೆಯ ಬಾಬ್ ನ್ಯೂವರ್ತ್. ಗಿನ್ಸ್‌ಬರ್ಗ್ 1962–63ರಲ್ಲಿ ನಮ್ಮ ದೇಶದಲ್ಲಿದ್ದು, ಕಲ್ಕತ್ತೆಯಲ್ಲಿಯೂ ಕಾಶಿಯಲ್ಲಿಯೂ ದಿನ ಕಳೆದು ಹೋದವನು. ಲಂಡನ್ನಿನ ಓಣಿಯಲ್ಲಿ ಅವನು ನಿಂತ ನಿಲುವನ್ನು ಕಂಡು, ಕಾಶಿಯ ಘಟ್ಟದಿಂದ ನೇರವಾಗಿ ಎದ್ದುಬಂದಂತಿದ್ದಾನೆಂದು ನನಗೆ ತೋರಿತು.

ಇದು ಡಿಲನ್ನನದೇ ಯೋಚನೆ. ಲಾಂಡ್ರಿಯಿಂದ ಬರುವ ಷರಟಿನ ಮಡಿಕೆಯೊಳಗೆ ಇಡುತ್ತಾರಲ್ಲ, ಆ ರಟ್ಟುಗಳನ್ನೇ ಇದಕ್ಕೆ ಕೂಡಿಸಿದ್ದರಂತೆ. ಡಿಲನ್, ನ್ಯೂವರ್ತ್, ಗಿನ್ಸ್‌ಬರ್ಗ್, ಸ್ಕಾಟ್ಲೆಂಡಿನ ಗಾಯಕ ಡೊನೊವನ್ ಮೊದಲಾದವರು ಕುಳಿತು ಅವುಗಳ ಮೇಲೆ ಬರೆದರು. ಇದೇ ಆಟವನ್ನು ಬಳಿಯ ಉದ್ಯಾನವೊಂದರಲ್ಲಿಯೂ ಹೋಟೆಲಿನ ಮಾಳಿಗೆಯ ಮೇಲೆಯೂ ಚಿತ್ರಿಸಿದರು. ಕೊನೆಗೆ ಚಿತ್ರದಲ್ಲಿ ಉಳಿದದ್ದು ಓಣಿ. ಮುಂದೆ ಹಾಡುಗಳಿಗೆ ಚಿತ್ರ ಜೋಡಿಸುವ ‘ಮ್ಯೂಸಿಕ್ ವಿಡಿಯೋ’ ಎಂಬುದು ಕೋಟ್ಯಂತರ ಡಾಲರಿನ ಉದ್ಯಮವಾಯಿತು. ಅದರ ಹಿರಿಯಜ್ಜರ ಸಾಲಿನಲ್ಲಿ ಈ ಷರಟಿನ ರಟ್ಟುಗಳಿಗೂ ಒಂದು ಸ್ಥಾನವನ್ನು ಎಲ್ಲರೂ ಕೊಡುತ್ತಾರೆ. 1998ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸು ಆ ಚಿತ್ರವನ್ನು ತನ್ನ ರಾಷ್ಟ್ರೀಯ ಚಲಚ್ಚಿತ್ರಗಳ ಪಟ್ಟಿಗೆ ಸೇರಿಸಿಕೊಂಡಿತು. 2016ರಲ್ಲಿ ಡಿಲನ್ನನಿಗೆ ಸಾಹಿತ್ಯದ ನೊಬೆಲ್ ಬಹುಮಾನ ಬಂದಾಗ ನನ್ನ ಕಣ್ಣ ಮುಂದೆ ಬಂದದ್ದು, ಬರೆದ ಶಬ್ದಗಳನ್ನು ಒಂದೊಂದಾಗಿ ನೆಲಕ್ಕೆ ಬಿಸಾಡುತ್ತಿದ್ದ ಆ ಹುಡುಗನೇ.

ಆ ಸಂಜೆ ನಾವಿಬ್ಬರು ಈ ಮಹತ್ತ್ವವನ್ನೆಲ್ಲ ಯೋಚಿಸಲಿಲ್ಲ. ನಮಗಿದ್ದುದು ಒಂದೇ ಚಿಂತೆ: ಹತ್ತು ವರ್ಷಗಳ ಹಿಂದೆ ನಾವು ಬರೆದುಕೊಂಡದ್ದು ಸರಿಯೋ ತಪ್ಪೋ? ಇದೋ, ಕವಿಯೇ ಉತ್ತರ ಪತ್ರಿಕೆಯನ್ನು ಹಿಡಿದು ನಿಂತಿದ್ದಾನೆ! ಕಣ್ಣು ಮಿಟುಕಿಸದೆ ನೋಡಿದೆವು. ನೋಡನೋಡುತ್ತ ನಮಗೆ ನಗು ತಡೆಯದಾಯಿತು. ಏಕೆಂದರೆ ರಟ್ಟುಗಳೇ ತಪ್ಪು! ಹಾಡಿನಲ್ಲಿ ಒಂದೆಡೆ 11 ಡಾಲರಿನ ಮಾತು ಬರುತ್ತದೆ. ರಟ್ಟಿನ ಮೇಲೆ ಇರುವುದು 20. ಯಶಸ್ಸು ಎಂಬರ್ಥದ ಇಂಗ್ಲಿಷ್ ಶಬ್ದದ ಕಾಗುಣಿತವನ್ನು ಬೇಕೆಂದೇ ಕೆಡಿಸಿ, ಅದನ್ನೊಂದು ಅಣಕವನ್ನಾಗಿ ಮಾಡಿದ್ದಾರೆ. ಬೇರೊಂದು ಶಬ್ದವನ್ನು ಹಳ್ಳಿಗನ ರಾಗದಲ್ಲಿ ಎಳೆದು ಬರೆದಿದ್ದಾರೆ. ಕೆಲವು ರಟ್ಟುಗಳು ಹಾಡಿಗಿಂತ ಮುಂದೆ, ಕೆಲವು ಹಿಂದೆ. ದಾರಿಯಲ್ಲಿ ಗೆಳೆಯ ನನ್ನ ಬೆನ್ನು ತಟ್ಟಿ, “ಬರೆದವನೇ ತಪ್ಪು ತೋರಿಸುತ್ತಿರುವಾಗ ನಾವು ಎಷ್ಟರವರೋ! ನಿನ್ನ ಕಿವಿಯೇ ಅವನಿಗಿಂತ ವಾಸಿ” ಎಂದ.

ಈ ಮಾತೇ ಮುಂದೆ ನನಗೆ ಮುಳುವಾಯಿತು.

ನೌಕರಿಯಿಂದ ನಿವೃತ್ತನಾದ ಮೇಲೆ ಗೆಳೆಯ ಧಾರವಾಡದಲ್ಲಿ ನೆಲೆಸಿದ. ಭಾನುವಾರ ಬೆಳಗ್ಗೆ ಹತ್ತು ಗಂಟೆಗೆ ಅವನ ಫೋನು ತಪ್ಪುತ್ತಿರಲಿಲ್ಲ. ನನ್ನ ಕಿವಿ ಸೋಲುತ್ತ ಬಂದ ಹಾಗೆ ಆ ಹತ್ತು ಗಂಟೆ ನನಗೆ ಪರೀಕ್ಷೆಯ ಗಂಟೆಯಾಯಿತು. ಎದುರಿಗಿದ್ದರೆ ತುಟಿಯನ್ನಾದರೂ ನೋಡಬಹುದು. ಫೋನಿನಲ್ಲಿ ಏನನ್ನು ನೋಡುವುದು? ‘ಸ್ವಲ್ಪ ಗಟ್ಟಿಯಾಗಿ ಹೇಳು’ ಎಂದು ಕೇಳಬಹುದಿತ್ತು. ಬೇರೆ ಯಾರನ್ನಾದರೂ ಕೇಳುತ್ತಿದ್ದೆ. ಆದರೆ ನಮ್ಮ ಗೆಳೆತನದ ಪಾಲುದಾರಿಕೆಯಲ್ಲಿ ನಾನು ಹಾಕಿದ್ದ ಬಂಡವಾಳವೆಲ್ಲ ಕಿವಿಯೇ. ಬಂಡವಾಳ ಮುಳುಗಿತೆಂದು ಪಾಲುದಾರನ ಎದುರಿಗೆ ಒಪ್ಪಿಕೊಳ್ಳಲು ಮನಸ್ಸು ಬಾರದು. ಅವನ ಧ್ವನಿಯ ಏರಿಳಿತವನ್ನು ಅನುಸರಿಸಿ ‘ಹೂಂ’, ‘ಹೌದೇ?’, ‘ಒಳ್ಳೆಯದು’ ಎಂದು ತೇಲಿಸುವ ಕಲೆಯನ್ನು ಅಭ್ಯಾಸ ಮಾಡಿದೆ. ಎರಡು ವರ್ಷ ಅದು ನಡೆಯಿತು ಕೂಡ.

2022ರ ಒಂದು ಭಾನುವಾರ ಅವನ ಧ್ವನಿ ಎಂದಿಗಿಂತ ತಗ್ಗಿತ್ತು. ಮಗಳಿಗೆ ಹೆರಿಗೆಯ ದಿನಗಳು ಹತ್ತಿರವಾಗಿವೆಯೆಂದು ಹಿಂದಿನ ವಾರವಷ್ಟೇ ಹೇಳಿದ್ದ. ಮಾತಿನ ನಡುವೆ ‘ಆಸ್ಪತ್ರೆ’ ಎಂಬಂಥ ಏನೋ ಒಂದು ಕೇಳಿಸಿತು. ಸರಿ, ಮೊಮ್ಮಗು ಹುಟ್ಟಿತೆಂದು ನಾನು ನಿಶ್ಚಯಿಸಿ, “ಸಂತೋಷ, ಬಹಳ ಸಂತೋಷ! ಊಟ ಹಾಕಿಸುವುದನ್ನು ಮಾತ್ರ ಮರೆಯಬೇಡವಪ್ಪ!” ಎಂದು ನಗುತ್ತ ಹೇಳಿದೆ. ಆ ಕಡೆ ಸದ್ದಿಲ್ಲ. ತುಸು ಹೊತ್ತಿನಲ್ಲಿ ಫೋನು ನಿಂತಿತು. ಲೈನು ಕೆಟ್ಟಿತೆಂದು ನಾನು ಸುಮ್ಮನಾದೆ.

ನಾಲ್ಕು ದಿನಗಳ ಮೇಲೆ ನನ್ನ ಪತ್ನಿಗೆ ಯಾರಿಂದಲೋ ಸುದ್ದಿ ಬಂತು. ಗೆಳೆಯನ ಪತ್ನಿ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದಿತ್ತು, ಮರುದಿನ ಆಪರೇಷನ್ನು. ಅದನ್ನು ಹೇಳಿಕೊಳ್ಳಲು ಅವನು ಮೊದಲು ಫೋನು ಮಾಡಿದ್ದು ನನಗೆ.

ವಾಚಕರೇ, ಆಗ ನಾನು ಮಾಡಬೇಕಾಗಿದ್ದುದೇನೆಂದು ನಿಮಗೂ ಗೊತ್ತು, ನನಗೂ ಗೊತ್ತಿತ್ತು. ಮಾಡಲಿಲ್ಲ. ಕ್ಷಮೆ ಕೇಳಬೇಕಾದರೆ ಕಿವಿ ಹೋಗಿದೆಯೆಂದು ಒಪ್ಪಿಕೊಳ್ಳಬೇಕು. ಒಪ್ಪಿಕೊಂಡರೆ ಎರಡು ವರ್ಷ ‘ಹೂಂ’ಗುಟ್ಟಿದ್ದೆಲ್ಲ ನಟನೆಯೆಂದು ಬಯಲಾಗಬೇಕು. ಇಂದು ನಾಳೆ ಎಂದು ದೂಡಿದೆ. ಭಾನುವಾರಗಳು ಬಂದವು, ಹೋದವು. ಹತ್ತು ಗಂಟೆಗೆ ಫೋನು ಸುಮ್ಮನೆ ಕುಳಿತಿರುತ್ತಿತ್ತು. ಹೆಂಡತಿ ಎಷ್ಟು ಹೇಳಿದರೂ ಕಿವಿಯ ಪರೀಕ್ಷೆಗೂ ಹೋಗಲಿಲ್ಲ. ನನ್ನ ಕಿವಿಗೆ ಏನಾಗಿದೆ? ಜನ ಈಚೆಗೆ ಸರಿಯಾಗಿ ಉಚ್ಚರಿಸುವುದಿಲ್ಲ, ಅಷ್ಟೇ!

2024ರ ಜೂನಿನಲ್ಲಿ ಲಂಡನ್ನಿನಲ್ಲಿರುವ ಮಗಳ ಮನೆಗೆ ಹೋದೆವು. ಒಂದು ರಾತ್ರಿ ಊಟದ ಮೇಲೆ ಮಗಳು, “ಅಪ್ಪಾ, ನಿಮ್ಮ ಹಾಡು ನೋಡೋಣವೇ?” ಎಂದು ಟೆಲಿವಿಷನ್ನಿನಲ್ಲಿ ಆ ವಿಡಿಯೋವನ್ನು ಹಾಕಿದಳು. ಸದ್ದು ಸಾಲದೆಂದು ನಾನು ಏರಿಸಿದೆ, ಮತ್ತೂ ಏರಿಸಿದೆ. ಅಲ್ಲಿಯ ಮನೆಗಳ ಗೋಡೆ ತೆಳು. ಪಕ್ಕದವರು ಗೋಡೆಯನ್ನು ಕುಟ್ಟಿದರಂತೆ. ಅದೂ ನನಗೆ ಕೇಳಿಸಲಿಲ್ಲವೆನ್ನಿ. ಮಗಳು ಗಾಬರಿಯಿಂದ ಸದ್ದನ್ನು ಪೂರ್ತಿ ನಿಲ್ಲಿಸಿಬಿಟ್ಟಳು. ಚಿತ್ರ ಮಾತ್ರ ಓಡುತ್ತಿತ್ತು. “ಹಾಗೆಯೇ ಇರಲಿ” ಎಂದೆ.

ಹೀಗೆ ಆ ಹಾಡನ್ನು ನಾನು ಮೊದಲ ಸಲ ‘ನೋಡಿದೆ’. ಸದ್ದು ಹೋದ ಮೇಲೆ ಕಂಡದ್ದು ಸದ್ದಿದ್ದಾಗ ಕಂಡಿರಲಿಲ್ಲ. ಡಿಲನ್ನನ ತುಟಿ ಅಲುಗುವುದೇ ಇಲ್ಲ! ಅಷ್ಟು ಮಾತಿನ ಹಾಡಿಗೆ ಬಾಯಿ ಮುಚ್ಚಿಕೊಂಡು ನಿಂತಿದ್ದಾನೆ ಪುಣ್ಯಾತ್ಮ. ಟೆಲಿವಿಷನ್ನಿನಲ್ಲಿ ಹಾಡುವವರೆಲ್ಲ ಬಾಯಿ ತೆರೆದು ನನ್ನನ್ನು ಹಂಗಿಸುವಾಗ, ಇವನೊಬ್ಬ ಬಾಯಿ ಮುಚ್ಚಿ, ‘ನಿನಗೆ ಇಷ್ಟು ಸಾಕು, ತೆಗೆದುಕೋ’ ಎಂದು ಬರಹವನ್ನು ಚಾಚುತ್ತಿದ್ದಾನೆ. ಬರೆದಿರುವುದಾದರೂ ಎಷ್ಟು? ಎಲ್ಲ ಮಾತುಗಳನ್ನೂ ಅಲ್ಲ. ಬಹುಮಟ್ಟಿಗೆ ಸಾಲಿನ ಕೊನೆಯಲ್ಲಿ ಪ್ರಾಸ ಬೀಳುವ ಶಬ್ದಗಳನ್ನು ಮಾತ್ರ. ನಡುವೆ ಉಳಿದದ್ದನ್ನು ನೀವೇ ತುಂಬಿಕೊಳ್ಳಬೇಕು. ಕಿವಿ ಮಂದವಾದವನು ದಿನವೆಲ್ಲ ಮಾಡುವ ಕೆಲಸವೇ ಅದು. ಇನ್ನು ಹಿಂದೆ ನಿಂತು ಮಾತಾಡುವ ಆ ಕವಿ ಮತ್ತು ಅವನ ಜೊತೆಗಾರ! ಅವರಾಡುವ ಒಂದು ಮಾತೂ ಆ ಚಿತ್ರದಲ್ಲಿ ಇಲ್ಲ. ಹಾಡಿನ ಸದ್ದೊಂದೇ ಅದಕ್ಕಿರುವುದು. ಅರವತ್ತು ವರ್ಷಗಳಿಂದ ಅದನ್ನು ನೋಡಿದವರೆಲ್ಲರೂ, ಎಷ್ಟೇ ಚುರುಕಾದ ಕಿವಿಯವರೂ, ಅವರಿಬ್ಬರ ಮಟ್ಟಿಗೆ ನನ್ನಂತೆಯೇ ಕಿವುಡರು. ಹಾಗೆಂದು ಯಾರೂ ಆ ಚಿತ್ರವನ್ನು ಬಿಟ್ಟು ಎದ್ದುಹೋಗಿಲ್ಲ.

ಎಲ್ಲಕ್ಕಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಅವನ ಕೈ. ತೋರಿಸುವ ಕೈಯಲ್ಲ, ಬಿಸಾಡುವ ಕೈ. ಕೆಲವೆಡೆ ಹಾಡು ಮುಂದಕ್ಕೆ ಓಡಿಬಿಡುತ್ತದೆ, ರಟ್ಟು ಹಿಂದೆ ಬೀಳುತ್ತದೆ. ಆಗ ಅವನು ಅವಸರಪಡುವುದಿಲ್ಲ, ನಾಚುವುದಿಲ್ಲ, ಬಗ್ಗಿ ಹೆಕ್ಕುವುದಿಲ್ಲ. ತಪ್ಪಿದ ಶಬ್ದ ತಪ್ಪಿತು, ಮುಂದಿನದನ್ನು ತೋರಿಸುತ್ತಾನೆ. ನಾನಾದರೋ ಕೈತಪ್ಪಿದ ಒಂದು ಶಬ್ದಕ್ಕಾಗಿ ನೆಲವನ್ನೆಲ್ಲ ತಡಕಾಡುತ್ತ, ಅದು ಸಿಕ್ಕಿತೆಂದು ನಟಿಸುತ್ತ, ನನ್ನ ಗೆಳೆಯನನ್ನೇ ಕೈಬಿಟ್ಟಿದ್ದೆ.

ಮರುದಿನ ಆ ಓಣಿಯನ್ನು ನೋಡಬೇಕೆಂದು ಹಟ ಮಾಡಿದೆ. ಸ್ಟ್ರ್ಯಾಂಡ್ ಎಂಬ ದೊಡ್ಡ ಬೀದಿಗೂ ಥೇಮ್ಸ್ ನದಿಗೂ ನಡುವೆ ಸವಾಯ್ ಹೋಟೆಲಿದೆ. ಅದರ ಪಕ್ಕದಲ್ಲಿ ಹಳೆಯದೊಂದು ಚಾಪೆಲ್ಲು. ಅದರ ಬಳಿಯೇ ‘ಸವಾಯ್ ಸ್ಟೆಪ್ಸ್’ ಎಂಬ ಆ ಓಣಿ. ಅಲ್ಲಿಗೆ ಹೋದವರಿಗೆ ಕಾಣುವುದು ಗೋಡೆ, ಕಲ್ಲು, ನೆರಳು, ವಿಶೇಷವೇನೂ ಇಲ್ಲ. ಒಂಬತ್ತು ವರ್ಷದ ಮೊಮ್ಮಗಳು ನಮ್ಮೊಡನೆ ಬಂದಿದ್ದಳು. ಹಿಂದಿನ ರಾತ್ರಿ ಅವಳೂ ವಿಡಿಯೋವನ್ನು ನೋಡಿದ್ದಳು. ಮೇಲಿನ ಬೀದಿಯ ವಾಹನಗಳ ಸದ್ದಿನ ನಡುವೆ ಅವಳು ನನ್ನನ್ನು ಏನೋ ಕೇಳಿದಳು. “ಏನು?” ಎಂದೆ. ಮತ್ತೆ ಕೇಳಿದಳು. “ಏನು?” ಎಂದೆ. ಅವಳು ಕೈತಟ್ಟಿ ನಕ್ಕುಬಿಟ್ಟಳು. ಬಳಿಗೆ ಬಂದು, ಕಿವಿಯ ಹತ್ತಿರ ಬಾಯಿಟ್ಟು, “ತಾತ, ನೀನು ಕೊನೇ ಕಾರ್ಡು!” ಎಂದಳು.

ನನಗೆ ಒಂದು ಕ್ಷಣ ತಿಳಿಯಲಿಲ್ಲ. ಆಮೇಲೆ ನೆನಪಾಯಿತು. ಹಾಡು ಮುಗಿಯುವಾಗ ಡಿಲನ್ನನ ಕೈಯಲ್ಲಿ ಒಂದೇ ರಟ್ಟು ಉಳಿದಿರುತ್ತದೆ. ಅದರ ಮೇಲಿರುವುದು ಹಾಡಿನ ಶಬ್ದವಲ್ಲ. ಇಂಗ್ಲಿಷಿನಲ್ಲಿ ‘ಏನು’ ಎಂಬ ಒಂದು ಮಾತು, ಮುಂದೆ ಎರಡು ಪ್ರಶ್ನಾರ್ಥಕ ಚಿಹ್ನೆ. ಅದನ್ನೂ ಬಿಸಾಡಿ ಅವನು ನಡೆದುಹೋಗುತ್ತಾನೆ. ನಾನು ದಿನಕ್ಕೆ ನೂರು ಸಲ ನಾಚಿಕೊಂಡು ಆಡುವ ಮಾತನ್ನು ಅವನು ಹಾಡಿನ ಕೊನೆಗೆ, ಎಲ್ಲಕ್ಕೂ ಮೇಲೆ, ದಪ್ಪಕ್ಷರದಲ್ಲಿ ಬರೆದು ತೋರಿಸಿ ಹೋಗಿದ್ದಾನೆ! ಓಣಿಯ ಕಲ್ಲಿನ ಮೇಲೆ ಕುಳಿತು ನಾನು ನಕ್ಕೆ. ನಗುತ್ತ ಕಣ್ಣಿನಲ್ಲಿ ನೀರೂ ಬಂತು. ಮಗಳು ಬಿಸಿಲಿಗೆಂದು ತಿಳಿದಳು.

ಊರಿಗೆ ಹಿಂದಿರುಗಿದ ವಾರದಲ್ಲಿಯೇ ಕಿವಿಯ ಪರೀಕ್ಷೆ ಮಾಡಿಸಿದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಒಂದೊಂದೇ ಸ್ವರ ಕೇಳಿಸಿ, ಒಂದು ನಕ್ಷೆ ಬರೆದುಕೊಟ್ಟರು. ಎಡಗಡೆ, ಮಂದ್ರದಲ್ಲಿ, ಗೆರೆ ಸಮವಾಗಿ ಹೋಗಿ, ಬಲಗಡೆ, ತಾರದಲ್ಲಿ, ಬೆಟ್ಟದಿಂದ ಬಿದ್ದವನಂತೆ ಕೆಳಕ್ಕೆ ಧುಮುಕಿತ್ತು. ಬಲೆಯಲ್ಲಿ ಎಷ್ಟು ದೊಡ್ಡ ತೂತು ಬಿದ್ದಿದೆಯೆಂಬುದನ್ನು ಕಾಗದದ ಮೇಲೆ ಕಂಡಾಗ, ವಿಚಿತ್ರವೆಂದರೆ, ಮನಸ್ಸಿಗೆ ಹಗುರವಾಯಿತು.

ಆ ಭಾನುವಾರ ಬೆಳಗ್ಗೆ, ಹೊಸ ಷರಟುಗಳ ಒಳಗಿನಿಂದ ನಾಲ್ಕು ರಟ್ಟುಗಳನ್ನು ತೆಗೆದೆ. ದಪ್ಪ ಮಸಿಯಲ್ಲಿ ಬರೆದೆ. ಹತ್ತು ಗಂಟೆಗೆ ಪತ್ನಿ ಮೊಬೈಲಿನಲ್ಲಿ ಧಾರವಾಡಕ್ಕೆ ವಿಡಿಯೋ ಕರೆ ಮಾಡಿ, ಯಂತ್ರವನ್ನು ನನ್ನ ಎದುರಿಗೆ ಹಿಡಿದು ನಿಂತಳು. ಗೆಳೆಯನ ಮುಖ ಕಾಣಿಸಿತು. ಎರಡು ವರ್ಷಗಳಲ್ಲಿ ಬಹಳ ಇಳಿದುಹೋಗಿದ್ದ. ಅವನು ಮಾತಾಡಲಿಲ್ಲ. ನಾನೂ ಬಾಯಿ ತೆರೆಯಲಿಲ್ಲ. ಮೊದಲನೆಯ ರಟ್ಟನ್ನು ತೋರಿಸಿದೆ: ‘ಕಿವಿ’. ಬಿಸಾಡಿದೆ. ಎರಡನೆಯದು: ‘ಹೋಗಿದೆ’. ಬಿಸಾಡಿದ ಕೈ ನಡುಗಿತು. ಮೂರನೆಯದು: ‘ಆ ದಿನ ನೀನು ಹೇಳಿದ್ದು ಕೇಳಿಸಲಿಲ್ಲ’. ನಾಲ್ಕನೆಯದು: ‘ತಪ್ಪಾಯಿತು’. ಇದನ್ನು ಬಿಸಾಡಲು ಮನಸ್ಸಾಗದೆ ಹಿಡಿದೇ ನಿಂತೆ.

ಗೆಳೆಯ ಕೆಲವು ಕ್ಷಣ ನೋಡಿದ. ಆಮೇಲೆ ಎದ್ದು ಹೊರಟುಹೋದ. ತೆರೆಯ ಮೇಲೆ ಬರಿದಾದ ಕುರ್ಚಿ. ಗೋಡೆಯ ಮೇಲೆ ಕ್ಯಾಲೆಂಡರು ಅಲುಗಿತು. ಎಲ್ಲ ಮುಗಿಯಿತೆಂದು ನಾನು ರಟ್ಟನ್ನು ಕೆಳಗಿಳಿಸಿದೆ. ಪತ್ನಿ ಕೈಸನ್ನೆಯಿಂದ ‘ತಾಳಿ’ ಎಂದಳು.

ಅವನು ಮರಳಿ ಬಂದ. ಕೈಯಲ್ಲಿ ಕ್ಯಾಲೆಂಡರಿನಿಂದ ಹರಿದ ಒಂದು ಹಾಳೆಯಿತ್ತು. ಅದರ ಬೆನ್ನಿನ ಬಿಳಿಯನ್ನು ನನ್ನ ಕಡೆಗೆ ತಿರುಗಿಸಿ ಹಿಡಿದ. ಅಕ್ಷರ ಸೊಟ್ಟಪಟ್ಟ, ಆದರೂ ದಪ್ಪ: ‘ಏನು??’ ಎರಡು ಪ್ರಶ್ನಾರ್ಥಕ ಚಿಹ್ನೆ, ಒಂದೂ ಕಡಿಮೆಯಿಲ್ಲ. ಮುಖದಲ್ಲಿ ನಗೆಯಿಲ್ಲ, ಮುನಿಸಿಲ್ಲ. ಒಂದು ಕ್ಷಣ ತೋರಿಸಿ, ಹಾಳೆಯನ್ನು ನೆಲಕ್ಕೆ ಬಿಟ್ಟ. ಅವನ ಹಿಂದೆ ಕೋಲೂರಿಕೊಂಡು ನಡೆಯುತ್ತಿದ್ದ ಅವನ ಪತ್ನಿ, ಈ ಮುದುಕರಿಗೆ ಏನು ಬಂತೆಂಬಂತೆ ನಿಂತು ನೋಡುತ್ತಿದ್ದರು.

ಈಗ ನನ್ನ ಕಿವಿಯ ಹಿಂದೆ ಒಂದು ಪುಟ್ಟ ಯಂತ್ರವಿದೆ. ಅದು ಹೋದ ಕಿವಿಯನ್ನು ಹಿಂದಕ್ಕೆ ತಂದುಕೊಡುವುದಿಲ್ಲ. ಹರಿದ ಬಲೆಗೆ ತೇಪೆ ಹಾಕುತ್ತದೆ. ಅದನ್ನು ಧರಿಸಿ ಮೊದಲು ಕೇಳಿದ್ದು ಆ ಹಾಡನ್ನೇ. ಕಳೆದುಹೋಗಿದ್ದ ‘ಸ’ಕಾರಗಳು ಎಷ್ಟೊಂದು! ಹಾಡೆಲ್ಲ ಒಗ್ಗರಣೆ ಹಾಕಿದಂತೆ ಚುರಗುಟ್ಟಿತು. ಆ ತಟ್ಟೆಗೆ ಗಿಟಾರು ನುಡಿಸಿದವರಲ್ಲಿ ಬ್ರೂಸ್ ಲ್ಯಾಂಗ್‌ಹಾರ್ನ್ ಎಂಬ ಕಲಾವಿದನೊಬ್ಬನಿದ್ದ. ಚಿಕ್ಕಂದಿನಲ್ಲಿ ಪಟಾಕಿ ಸಿಡಿದು ಬಲಗೈಯ ಕೆಲವು ಬೆರಳುಗಳ ಭಾಗವನ್ನು ಕಳೆದುಕೊಂಡವನು. ಉಳಿದ ಬೆರಳುಗಳಲ್ಲಿಯೇ ತನ್ನದೊಂದು ಶೈಲಿಯನ್ನು ಕಂಡುಕೊಂಡ. ಹಾಡನ್ನು ಕೇಳುವಾಗ ಈಗ ಅವನ ನೆನಪೂ ಬರುತ್ತದೆ.

ಭಾನುವಾರ ಹತ್ತು ಗಂಟೆಗೆ ಫೋನು ಮತ್ತೆ ಬಾರಿಸುತ್ತದೆ. ಯಂತ್ರವಿದ್ದರೂ ಹತ್ತರಲ್ಲಿ ಎರಡು ಮೂರು ಮಾತು ತಪ್ಪುತ್ತವೆ. ಬೇಕಾದುದಾದರೆ ‘ಏನು?’ ಎನ್ನುತ್ತೇನೆ, ಬೇಡದ್ದಾದರೆ ನೆಲಕ್ಕೆ ಬಿಡುತ್ತೇನೆ. ಪತ್ನಿ ಅಡುಗೆಮನೆಯಿಂದ ಕೂಗುವ ಸೊಪ್ಪು ಈಗ ಸೊಪ್ಪಾಗಿಯೇ ಕೇಳಿಸುತ್ತಿದೆ. ಉಪ್ಪಿನ ಪೊಟ್ಟಣಗಳು ಮಾತ್ರ ಇನ್ನೂ ಮುಗಿದಿಲ್ಲ.